ಒಪ್ಪಣ್ಣನ ಹೊಸ ಹೆಲ್ಮೆಟ್ಟು

ಬೀದಿಯವರೆಲ್ಲ ಅವನನ್ನು ಒಪ್ಪಣ್ಣ ಅಂತ ಕರೆಯುತ್ತಿದ್ದರು. ಅವನು ಯಾರಿಗಾದರೂ ಇಲ್ಲ ಅಂದದ್ದನ್ನು ಕೇಳಿದವರಿರಲಿಲ್ಲ. ಹಾಗೆ ನೋಡಿದರೆ ಹೌದು ಅಂದದ್ದನ್ನು ಕೇಳಿದವರೂ ಕಡಿಮೆಯೇ. ಎದುರಿನವರ ಮಾತು ಮುಗಿಯುತ್ತಿದ್ದ ಹಾಗೆ ಗದ್ದ ಎದೆಗೆ ತಾಗುವಂತೆ ತಲೆಯನ್ನು ಒಂದು ಸಲ ಜೋರಾಗಿ ಬಗ್ಗಿಸುತ್ತಿದ್ದ, ಅಷ್ಟೆ. ಅಂಥ ಒಪ್ಪಿಗೆ ಬೇರೆ ಯಾರ ಹತ್ತಿರ ಸಿಗಬೇಕು? ಅದರಲ್ಲಿ 'ನೋಡೋಣ' ಇರಲಿಲ್ಲ, 'ಆದರೆ' ಇರಲಿಲ್ಲ.

ಅದು ಬಂದದ್ದು ಕಸುಬಿನಿಂದ. ಒಪ್ಪಣ್ಣ ವೆಲ್ಡಿಂಗ್ ಮಾಡುವವನು. ಗೇಟು, ಕಿಟಕಿಯ ಸರಳು, ಮೆಟ್ಟಿಲ ಕಂಬಿ, ಟ್ಯಾಂಕಿನ ಕಾಲು, ಯಾವುದಾದರೂ ಸರಿ. ಹಳೇ ಕಾಲದ ವೆಲ್ಡಿಂಗ್ ಹೆಲ್ಮೆಟ್ಟಿನ ಗಾಜು ಎಷ್ಟು ಕಪ್ಪು ಅಂದರೆ ಕಿಡಿ ಹೊತ್ತುವವರೆಗೂ ಅದರಾಚೆ ಆನೆ ನಿಂತರೂ ಕಾಣಿಸದು. ಹಾಗಾಗಿ ಹೆಲ್ಮೆಟ್ಟನ್ನು ಹಣೆಯ ಮೇಲಕ್ಕೆ ಎತ್ತಿಟ್ಟುಕೊಂಡು, ಕೈಯ ಹೋಲ್ಡರಿಗೆ ಸಿಕ್ಕಿಸಿದ, ಬೆಸೆಯುತ್ತಾ ಕರಗಿ ಮುಗಿಯುವ ರಾಡಿನ ತುದಿಯನ್ನು ಬೆಸೆಯುವ ಜಾಗಕ್ಕೆ ಗುರಿಯಿಟ್ಟು, ಎರಡೂ ಕೈಗೆ ಬಿಡುವಿಲ್ಲದ್ದರಿಂದ ಕತ್ತನ್ನೇ ಒಂದು ಸಲ ಜಾಡಿಸಬೇಕು. ಹೆಲ್ಮೆಟ್ಟು ದಡಕ್ಕನೆ ಮುಖದ ಮೇಲೆ ಬೀಳುತ್ತದೆ. ಆಮೇಲೆ ಕತ್ತಲಲ್ಲಿ ಅಂದಾಜಿನ ಮೇಲೆ ಕಿಡಿ. ಮೂವತ್ತೊಂದು ವರ್ಷ ದಿನಕ್ಕೆ ನೂರಾರು ಸಲ ಹೀಗೆ ಮಾಡಿದ ಕತ್ತು, ಕೆಲಸ ಮುಗಿದ ಮೇಲೂ ಸುಮ್ಮನೆ ಕೂರುತ್ತಿರಲಿಲ್ಲ. ಊಟದ ಮೇಜಿನ ಮುಂದೆ, ಬಸ್ಸಿನಲ್ಲಿ, ಕ್ಷೌರದ ಕುರ್ಚಿಯಲ್ಲಿ, ಯಾರಾದರೂ ಮಾತು ಮುಗಿಸಿ ಉಸಿರೆಳೆದುಕೊಂಡರೆ ಸಾಕು, ಬಗ್ಗುತ್ತಿತ್ತು. ಕ್ಷೌರದವನು ಮಾತ್ರ ಅವನ ಮುಂದೆ ಮಾತು ಮುಗಿಸುವ ಮೊದಲು ಕತ್ತರಿ ಕೆಳಗಿಡುವುದನ್ನು ಕಲಿತಿದ್ದ.

ಈ ತಲೆಯಾಡಿಕೆಯಿಂದ ಒಪ್ಪಣ್ಣನ ಬದುಕಿಗೆ ಏನೇನು ಬಂದು ಸೇರಿತ್ತು ಅಂತ ಲೆಕ್ಕ ಇಟ್ಟವರಿಲ್ಲ. ಬೆಳಿಗ್ಗೆ ಐದೂವರೆಗೆ ಪಾರ್ಕಿನಲ್ಲಿ ಕೈಯೆತ್ತಿಕೊಂಡು ನಗುವ ನಗೆಕೂಟದಲ್ಲಿ ಅವನು ಸದಸ್ಯ. ನಗು ಬರುವುದಿರಲಿ, ಆ ಹೊತ್ತಿಗೆ ಅವನಿಗೆ ಆಕಳಿಕೆ ಬಿಟ್ಟರೆ ಇನ್ನೇನೂ ಬರುತ್ತಿರಲಿಲ್ಲ. ಅಡುಗೆಮನೆಯ ಗೋಡೆಗೆ ಮಾಗಿದ ಟೊಮೆಟೊ ಬಣ್ಣ. ಮಹಡಿಯ ಕೋಣೆಯಲ್ಲಿ ಹೆಂಡತಿಯ ತಮ್ಮ, ಅಂದರೆ ಬಾಮೈದ. ಎರಡು ವಾರ ಇದ್ದು ಹೋಗುತ್ತೇನೆ ಅಂತ ಒಂದು ಚೀಲದ ಜೊತೆ ಬಂದವನು. ನಾಲ್ಕು ವರ್ಷವಾಗಿತ್ತು. ಈಗ ಚೀಲಗಳು ಆರು.

ಒಪ್ಪಣ್ಣನ ಹೆಂಡತಿಗೆ ಬೀದಿಯವರು ಇಟ್ಟ ಹೆಸರು ಅಳತೆಯಮ್ಮ. ವರ್ಕ್‌ಶಾಪು ಅವಳ ಅಪ್ಪ ಕಟ್ಟಿದ್ದು, ಒಪ್ಪಣ್ಣ ಅಲ್ಲಿಗೆ ಕೆಲಸಕ್ಕೆ ಬಂದವನು. ಗಿರಾಕಿಗಳ ಮನೆಗೆ ಹೋಗಿ ಅಳತೆ ತೆಗೆಯುವುದು, ಚಿತ್ರ ಬರೆಯುವುದು, ದಿನ ಗೊತ್ತುಮಾಡುವುದು ಎಲ್ಲ ಅವಳದೇ. ಸೊಂಟದಲ್ಲಿ ಸದಾ ಒಂದು ಸ್ಟೀಲ್ ಟೇಪು. ಅವಳ ಮಾತೂ ಆ ಟೇಪಿನ ಹಾಗೆ, ಎಳೆದಷ್ಟೂ ಬರುತ್ತಿತ್ತು. ಸುರುಳಿ ಸುತ್ತಿಕೊಳ್ಳುವುದು ಮಾತ್ರ ಸ್ವಲ್ಪ ತಡ. ಮಾತಾಡುವ ಹೆಂಡತಿ, ತಲೆಯಾಡಿಸುವ ಗಂಡ. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ಜಗಳ ಆಗಿರಲಿಲ್ಲ. ನೋಡಿದವರು ಸಂಸಾರ ಅಂದರೆ ಹೀಗಿರಬೇಕು ಅನ್ನುತ್ತಿದ್ದರು.

ಹೀಗಿರುವಾಗ ಒಂದು ದಿನ ಒಪ್ಪಣ್ಣನ ಕತ್ತು ಹಿಡಿದುಕೊಂಡಿತು. ಎಡಕ್ಕೆ ತಿರುಗಬೇಕಾದರೆ ಇಡೀ ಮನುಷ್ಯನೇ ತಿರುಗಬೇಕು. ಎಣ್ಣೆ ತಿಕ್ಕಿದ್ದಾಯಿತು, ಬಿಸಿನೀರಿನ ಚೀಲ ಇಟ್ಟದ್ದಾಯಿತು, ನಗೆಕೂಟದವರು ಅದನ್ನು ನೋಡಿ ನಿಜವಾಗಿಯೂ ನಕ್ಕದ್ದೂ ಆಯಿತು. ಕೊನೆಗೆ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಕತ್ತನ್ನು ಒತ್ತಿ ನೋಡಿ, "ದಿನಕ್ಕೆ ಎಷ್ಟು ಸಲ ಬಗ್ಗಿಸ್ತೀರಿ?" ಅಂದರು. ಒಪ್ಪಣ್ಣ ತಲೆ ಬಗ್ಗಿಸಿ, ಅಯ್ಯೋ ಅಂದ.

ಎಣಿಸುವ ಕೆಲಸ ಮಗಳ ಪಾಲಿಗೆ ಬಂತು. ಅವಳು ಕಾರ್ಖಾನೆಗಳಿಗೆ ಕೈಗವಸು, ಕನ್ನಡಕ, ಬೂಟು ಮಾರುವ ದೊಡ್ಡ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರಜೆಯ ದಿನ ವರ್ಕ್‌ಶಾಪಿನ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಬಸ್ಸಿನ ಕಂಡಕ್ಟರನ ಹಾಗೆ ಕಾಗದದ ಮೇಲೆ ಗೀಟು ಹಾಕುತ್ತಾ ಕೂತಳು. ಸಂಜೆಗೆ ಹೆಲ್ಮೆಟ್ಟಿನ ತಲೆಯಾಡಿಕೆ ನಾನೂರ ಮೂವತ್ತು. ಹೆಲ್ಮೆಟ್ಟಿಲ್ಲದ್ದು ಎಪ್ಪತ್ತನಾಲ್ಕು.

ಡಾಕ್ಟರು ಚೀಟಿ ನೋಡಿ, "ಮೊದಲನೇದನ್ನ ನಿಲ್ಲಿಸಿ. ಎರಡನೇದು ನಿಮ್ಮ ಸಂಸಾರದ ವಿಷಯ, ನಾನು ಬಾಯಿ ಹಾಕಲ್ಲ" ಅಂದರು.

ಮರುವಾರ ಮಗಳು ಒಂದು ಪೆಟ್ಟಿಗೆ ತಂದಳು. ಒಳಗೆ ಹೊಸ ಬಗೆಯ ಹೆಲ್ಮೆಟ್ಟು. ಎತ್ತುವುದು ಇಳಿಸುವುದು ಏನೂ ಇಲ್ಲ. ಬೆಳಿಗ್ಗೆ ಹಾಕಿಕೊಂಡರೆ ಸಾಕು. ಮುಖದ ಮುಂದಿನ ಪುಟ್ಟ ಕಿಟಕಿ ತಿಳಿಹಸಿರು, ಎಲ್ಲ ಕಾಣಿಸುತ್ತದೆ. ಕಿಡಿ ಹೊತ್ತಿದ ಕೂಡಲೇ ತಾನೇ ಕಪ್ಪಾಗುತ್ತದೆ, ಆರಿದ ಮೇಲೆ ತಾನೇ ತಿಳಿಯಾಗುತ್ತದೆ.

ಒಪ್ಪಣ್ಣ ಅದನ್ನು ಹಿಂದುಮುಂದು ತಿರುಗಿಸಿ ನೋಡಿದ. "ಇದು ತಿಳಿಯಾಗಿದೆಯಲ್ಲೇ. ಕಣ್ಣು ಸುಟ್ಟುಹೋಗುತ್ತೆ."

"ಎರಡು ತೆಳ್ಳಗಿನ ಗಾಜಿನ ನಡುವೆ ಒಂದು ದ್ರವ ಇದೆ ಅಪ್ಪಾ. ಪೂರ್ತಿ ನೀರೂ ಅಲ್ಲ, ಪೂರ್ತಿ ಹರಳೂ ಅಲ್ಲ, ಎರಡರ ಮಧ್ಯದ್ದು. ಕ್ಯಾಲ್ಕುಲೇಟರಿನಲ್ಲಿ ಅಂಕಿ ಕಪ್ಪಗೆ ಮೂಡುತ್ತಲ್ಲ, ಅದರೊಳಗಿರೋದೂ ಇದರ ಜಾತಿಯದ್ದೇ. ಕರೆಂಟು ಮುಟ್ಟಿದ್ರೆ ಅದರ ಕಣಗಳೆಲ್ಲ ಒಟ್ಟಿಗೆ ಮಗ್ಗುಲು ಬದಲಾಯಿಸ್ತಾವೆ. ಬೆಳಕಿಗೆ ದಾರಿ ಬಂದ್."

"ಕರೆಂಟು ಕೊಡೋರು ಯಾರು?"

"ಹಣೆ ಮೇಲೆ ಈ ಎರಡು ಚಿಕ್ಕ ಕಣ್ಣಿದಾವಲ್ಲ, ಅವು ಕಿಡಿ ಕಂಡ ತಕ್ಷಣ ಕೊಡಿಸ್ತಾವೆ."

"ತಕ್ಷಣ ಅಂದ್ರೆ? ನಿಮ್ಮಮ್ಮ ಬಂದೆ ಅಂದ ಹಾಗಾ?"

"ನೀನು ಒಂದು ಸಲ ರೆಪ್ಪೆ ಹೊಡೆಯೋಷ್ಟರಲ್ಲಿ ಅದು ಸಾವಿರ ಸಲ ಕಪ್ಪಾಗಬಹುದು."

"ಬ್ಯಾಟರಿ ಸತ್ತರೆ?"

"ಸತ್ತರೂ ಕಣ್ಣು ಸುಡೋ ಕಿರಣ ಒಳಗೆ ಬರಲ್ಲ, ಅದನ್ನ ತಡೆಯೋಕೆ ಬೇರೆ ಪದರ ಇದೆ. ಕಣ್ಣು ಕುಕ್ಕಬಹುದು ಅಷ್ಟೆ. ಹಾಕ್ಕೋ ಈಗ."

ಮೊದಲ ದಿನ ಒಪ್ಪಣ್ಣ ಯಾರನ್ನೂ ನಂಬಲಿಲ್ಲ. ಹೆಲ್ಮೆಟ್ಟಿನೊಳಗೆ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕಿಡಿ ಹೊತ್ತಿಸಿದ. ರಾಡು ಹೋಗಿ ಪಕ್ಕದ ಮೇಜಿಗೆ ಅಂಟಿಕೊಂಡಿತು. ಎರಡನೇ ದಿನ ಒಂದು ಕಣ್ಣು ತೆರೆದ. ನಾಲ್ಕನೇ ದಿನ ಎರಡೂ ಕಣ್ಣು ತೆರೆದು ನೋಡಿದಾಗ ಅವನಿಗೇ ಆಶ್ಚರ್ಯ. ಕಿಡಿ ಹೊತ್ತುವ ಮುಂಚೆಯೇ ರಾಡಿನ ತುದಿ ಕಾಣುತ್ತಿದೆ, ಕಬ್ಬಿಣದ ಅಂಚು ಕಾಣುತ್ತಿದೆ! ಮೂವತ್ತೊಂದು ವರ್ಷ ಪ್ರತಿಯೊಂದು ಬೆಸುಗೆಯನ್ನೂ ಕುರುಡನ ಹಾಗೆ ಶುರುಮಾಡಿದ್ದೆನಲ್ಲ ಅಂತ ಹಳೇ ಹೆಲ್ಮೆಟ್ಟನ್ನು ಕಾಲಿನಿಂದ ಮೂಲೆಗೆ ತಳ್ಳಿದ. ಆಮೇಲೆ ಒಂದು ಗೇಟಿಗೆ ಎಷ್ಟು ನೀಟಾಗಿ ಬೆಸುಗೆ ಹಾಕಿದ ಅಂದರೆ, ಬಣ್ಣ ಬಳಿಯಲು ಅವನಿಗೇ ಮನಸ್ಸು ಬರಲಿಲ್ಲ.

ಆದರೂ ಕತ್ತು ತನ್ನ ಚಾಳಿ ಬಿಡಲಿಲ್ಲ. ಬೀಳಬೇಕಾದ್ದು ಏನೂ ಇಲ್ಲದಿದ್ದರೂ ಕೆಲವು ವಾರ ಬಗ್ಗುತ್ತಲೇ ಇತ್ತು. ಮೆಲ್ಲಮೆಲ್ಲಗೆ ನಿಂತಿತು. ಎರಡು ತಿಂಗಳಾಗುವಷ್ಟರಲ್ಲಿ ನೋವೂ ಹೋಯಿತು, ತಲೆಯಾಡಿಕೆಯೂ ಹೋಯಿತು. ಒಪ್ಪಣ್ಣನ ತಲೆ ಹೆಗಲ ಮೇಲೆ ಹೂಜಿ ಇಟ್ಟ ಹಾಗೆ ನೆಟ್ಟಗೆ ಕೂತುಬಿಟ್ಟಿತು.

ಬೀದಿ ಗಲಿಬಿಲಿಗೊಂಡದ್ದು ಆವಾಗ.

ಅಳತೆಯಮ್ಮ ಗಿರಾಕಿಗೆ "ಶುಕ್ರವಾರ ಕೊಡ್ತೀವಿ, ಅಲ್ವೇನ್ರೀ?" ಅಂತ ಗಂಡನ ಕಡೆ ತಿರುಗಿದರೆ ಅವನು ಸುಮ್ಮನೆ ನೋಡುತ್ತಾ ನಿಂತಿದ್ದ. ಗಿರಾಕಿಗೆ ಇರುಸುಮುರುಸು. "ಸೋಮವಾರ ಆದ್ರೂ ಪರವಾಗಿಲ್ಲ ಬಿಡಿ" ಅಂತ ತಾನೇ ಹೇಳಿ ಹೋದ. ನಗೆಕೂಟದ ಮುಖಂಡರು "ನಾಳೆಯಿಂದ ಐದು ಗಂಟೆಗೇ ಸೇರೋಣ" ಅಂದಾಗ ಎಲ್ಲರ ಕಣ್ಣೂ ಅಭ್ಯಾಸಬಲದಿಂದ ಒಪ್ಪಣ್ಣನ ಗದ್ದದ ಮೇಲೆ ಹೋಯಿತು. ಗದ್ದ ಅಲುಗಲಿಲ್ಲ. ಅವನೇ ಒಪ್ಪಲಿಲ್ಲ ಅಂದ ಮೇಲೆ ಉಳಿದವರಿಗೂ ಧೈರ್ಯ ಬಂತು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ನಿದ್ದೆಗೇಡು. ಕೊನೆಗೆ ಸಮಯ ಆರೂವರೆಗೆ ಹೋಯಿತು. ಒಪ್ಪಣ್ಣ ಗಟ್ಟಿ ಮನುಷ್ಯ, ಮುಲಾಜಿಗೆ ಬೀಳುವವನಲ್ಲ ಅಂತ ಪಾರ್ಕಿನ ತುಂಬ ಮಾತಾಯಿತು. ಅವನೋ, ಮುಖಂಡರು ಮಾತಾಡುವಾಗ ಅಳಿಲು ನೋಡುತ್ತಿದ್ದ.

ಮನೆಯಲ್ಲಿ ವಿಷಯ ಇಷ್ಟು ಸಲೀಸಾಗಲಿಲ್ಲ.

ಬಾಮೈದನ ಹತ್ತಿರ ಒಂದು ಯೋಜನೆ ಇತ್ತು. ವರ್ಕ್‌ಶಾಪಿನ ಮುಂದಿನ ಅರ್ಧಕ್ಕೆ ಗಾಜಿನ ಗೋಡೆ ಹಾಕಿ, ಬಣ್ಣದ ಮೀನು ಮಾರುವ ಅಂಗಡಿ ತೆರೆಯುವುದು. ಮೀನು ಅಂದರೆ ಅವನಿಗೆ ಪ್ರಾಣ. ಮಹಡಿಯ ಕೋಣೆಯಲ್ಲಿ ಮೂರು ತೊಟ್ಟಿ ಇಟ್ಟುಕೊಂಡು, ಒಂದೊಂದು ಮೀನಿಗೂ ಹೆಸರು ಕರೆದು ಮಾತಾಡಿಸುತ್ತಿದ್ದ. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ನಕ್ಷೆ ಹರಡಿ ಎಲ್ಲ ವಿವರಿಸಿ, "ಏನಂತೀರಿ ಭಾವ?" ಅಂದ.

ಭಾವ ನಕ್ಷೆ ನೋಡಿದ, ಬಾಮೈದನನ್ನು ನೋಡಿದ, ನೀರು ಕುಡಿದ. ತಲೆ ಇದ್ದಲ್ಲೇ ಇತ್ತು.

ಬಾಮೈದ ನಕ್ಷೆ ಸುತ್ತಿಕೊಂಡು ಮಹಡಿ ಹತ್ತಿದ. ಅಳತೆಯಮ್ಮನ ಮುಖ ಸಣ್ಣದಾಯಿತು. ಸಂಜೆ ಸೀದಾ ವರ್ಕ್‌ಶಾಪಿಗೆ ಬಂದು ಗಂಡನ ಎದುರು ನಿಂತಳು.

"ನನ್ನ ತಮ್ಮನ ಮುಂದೆ ಯಾಕ್ರೀ ಹಾಗೆ ಕಲ್ಲಿನ ಹಾಗೆ ಕೂತ್ರಿ? ಹೋದ ವರ್ಷ ನಾನು ಕೇಳಿದಾಗ ಒಪ್ಪಿರಲಿಲ್ವಾ?"

ಒಪ್ಪಣ್ಣ ಹೆಲ್ಮೆಟ್ಟು ತೆಗೆದ. "ಏನನ್ನ ಕೇಳಿದ್ದೆ?"

"ಅರ್ಧ ಅಂಗಡಿ ಅವನಿಗೆ ಬಿಟ್ಟುಕೊಡೋಣ ಅಂತ! ಇದೇ ಮೇಜಿನ ಹತ್ರ ಕೇಳ್ದೆ. ನೀವು ತಲೆಯಾಡಿಸಿದ್ರಿ."

"ಅದು ಹೆಲ್ಮೆಟ್ಟು ಇಳಿಸೋಕೆ ಆಡಿಸಿದ್ದು."

ನೋಡನೋಡುತ್ತಿದ್ದ ಹಾಗೆ ಅಳತೆಯಮ್ಮನ ಮನಸ್ಸು ವರ್ಷಗಟ್ಟಲೆ ಹಿಂದಕ್ಕೆ ಓಡಿತು.

"ಅಡುಗೆಮನೆ ಬಣ್ಣ?"

"ನನಗೆ ಅದು ಕಂಡರಾಗಲ್ಲ. ಊಟ ಮಾಡೋವಾಗ ಗೋಡೆ ಕಡೆ ಬೆನ್ನು ಹಾಕಿ ಕೂರೋದು ಅದಕ್ಕೇ."

"ನಗೆಕೂಟ?"

"ಅದು ಊಟದ ಮೇಜಲ್ಲಿ. ಕತ್ತು ತಾನಾಗೇ ಹೋಯ್ತು. ನಾನು ಏನು ಮಾಡಲಿ?"

ಅಳತೆಯಮ್ಮ ಪಕ್ಕದ ಸ್ಟೂಲು ಎಳೆದು ಕೂತಳು. ದನಿ ಇಳಿಯಿತು.

"ಹಾಗಾದ್ರೆ ಆವತ್ತು? ಅಪ್ಪ ಇದ್ದಾಗ. ನಾನೇ ಬಂದು, ನಿಮಗೆ ಒಪ್ಪಿಗೆ ಇದ್ರೆ ಅಪ್ಪನ ಹತ್ರ ಮದುವೆ ವಿಷಯ ಮಾತಾಡ್ತೀನಿ ಅಂದೆನಲ್ಲ. ನೀವು ತಲೆಯಾಡಿಸಿದ್ರಿ. ಹೆಲ್ಮೆಟ್ಟು ಬಿತ್ತು. ನಾನು ಕುಣ್ಕೊಂಡು ಹೋದೆ." ಸೊಂಟದ ಟೇಪನ್ನು ಒಂದು ಸಲ ಎಳೆದು ಬಿಟ್ಟು ಕೇಳಿದಳು. "ಅದು ಯಾವ ತಲೆಯಾಡಿಕೆ?"

ಇಂಥ ಹೊತ್ತಿನಲ್ಲಿ ಬುದ್ಧಿ ಇರುವ ಗಂಡಸು ಏನು ಹೇಳಬೇಕೋ ಅದು ಬೀದಿಯ ಎಲ್ಲರಿಗೂ ಗೊತ್ತಿತ್ತು. ಒಪ್ಪಣ್ಣ ಪ್ರಾಮಾಣಿಕ ಮನುಷ್ಯ. ಮೇಲೆ ನೋಡಿದ, ಕೆಳಗೆ ನೋಡಿದ. "ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ" ಅಂದ.

ಮೂರು ದಿನ ಅಳತೆಯಮ್ಮ ಮಾತಾಡಲಿಲ್ಲ. ಅವಳು ಸುಮ್ಮನಿದ್ದದ್ದಕ್ಕೆ ಮನೆಯೊಳಗೆ ಇಷ್ಟು ದಿನ ಕೇಳಿಸದಿದ್ದ ಸದ್ದೆಲ್ಲ ಕೇಳಿಸತೊಡಗಿತು. ಫ್ರಿಜ್ಜು ಗುಂಯ್‌ಗುಡುವುದು, ಮಹಡಿಯಲ್ಲಿ ಮೀನಿನ ತೊಟ್ಟಿಯ ಗುಳುಗುಳು. ಕೆಲಸವೆಲ್ಲ ಚೀಟಿಯಲ್ಲಿ ನಡೆಯಿತು. 'ಕಿಟಕಿ, ನಾಲ್ಕು ಅಡಿ ಏಳು ಇಂಚು.' 'ದಂತವೈದ್ಯರ ಮೆಟ್ಟಿಲ ಕಂಬಿ, ನಾಳೆ.' ಒಂದು ಚೀಟಿಯಲ್ಲಿ ಅಳತೆ ಬರೆದು ಕೆಳಗೆ ಗೀಟೆಳೆದು 'ಇದನ್ನಾದರೂ ಓದಿ' ಅಂತಿತ್ತು. ಬೇರೆಯವರ ಮನೆಯಲ್ಲಾದರೆ ಇದಕ್ಕೆ ಜಗಳ ಅನ್ನುತ್ತಿದ್ದರು. ಇವರಿಬ್ಬರಿಗೂ ಅದರ ಅಭ್ಯಾಸವಿಲ್ಲದ್ದರಿಂದ, ಹೇಗೆ ಮುಂದುವರಿಸಬೇಕು ಹೇಗೆ ಮುಗಿಸಬೇಕು ಎರಡೂ ಗೊತ್ತಾಗಲಿಲ್ಲ.

ವಿಷಯ ತಿಳಿದ ಮಗಳು ಅಪ್ಪನನ್ನು ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಳು. "ಹೌದು ಅಂತ ಒಂದು ಮಾತು ಹೇಳೋಕೆ ಏನಪ್ಪಾ ಕಷ್ಟ?"

"ಸುಮ್ಮನೆ ಹೌದು ಅಂದೂ ಅಂದೂ ತಾನೇ ಇಷ್ಟೆಲ್ಲ ಆಗಿದ್ದು," ಅಂದ ಒಪ್ಪಣ್ಣ. "ನಿಜವಾಗಿ ಏನಾಯ್ತು ಅಂತ ನೆನಪು ಮಾಡ್ಕೊಂಡೇ ಹೇಳ್ತೀನಿ."

ನಿಜಕ್ಕೂ ಅದನ್ನೇ ಮಾಡುತ್ತಿದ್ದ. ಬೆಸುಗೆ ಹಾಕುತ್ತಾ, ಬಸ್ಸಿನಲ್ಲಿ, ಸ್ನಾನ ಮಾಡುತ್ತಾ ಆ ದಿನವನ್ನು ತುಂಡು ತುಂಡಾಗಿ ಜೋಡಿಸಿದ. ಮೂರನೇ ದಿನ ಮಧ್ಯಾಹ್ನ ದಂತವೈದ್ಯರ ಮೆಟ್ಟಿಲಿಗೆ ಕಂಬಿ ಕೂರಿಸುತ್ತಾ, ರಾಡು ಮುಗಿದು ಹೊಸದಕ್ಕೆ ಕೈಚಾಚಿದಾಗ ತಟ್ಟನೆ ಎಲ್ಲ ಕಣ್ಣ ಮುಂದೆ ಬಂತು. ಅರ್ಧಕ್ಕೆ ಕೆಲಸ ಬಿಟ್ಟು, ಹೆಲ್ಮೆಟ್ಟು ಹಾಕಿಕೊಂಡೇ ಬೀದಿ ದಾಟಿ ಮನೆಗೆ ಬಂದ. ಬಿಸಿಲಿಗೆ ಬಂದು ನಿಂತಾಗಲೆಲ್ಲ ಆ ಗಾಜು ಮಿಣಕ್ ಅಂತ ಕಪ್ಪಾಗಿ ತಿಳಿಯಾಗುತ್ತಿದ್ದುದನ್ನು ಎದುರು ಸಿಕ್ಕವರು ನೋಡಿ ದಾರಿ ಬಿಟ್ಟರು.

ಅಳತೆಯಮ್ಮ ಮೇಜಿನ ಮುಂದೆ ಚಿತ್ರ ಬರೆಯುತ್ತಿದ್ದಳು. ತಲೆಯೆತ್ತಲಿಲ್ಲ.

"ರಾಡೇ ಇರಲಿಲ್ಲ," ಅಂದ ಒಪ್ಪಣ್ಣ, ಏದುಸಿರು ಬಿಡುತ್ತಾ.

ಅವಳು ಪೆನ್ಸಿಲು ನಿಲ್ಲಿಸಿದಳು.

"ಆವತ್ತು ನನ್ನ ಕೈಯಲ್ಲಿದ್ದ ಹೋಲ್ಡರಿನಲ್ಲಿ ರಾಡೇ ಇರಲಿಲ್ಲ. ಮುಗಿದುಹೋಗಿತ್ತು, ಹೊಸದು ತಗೊಳೋಣ ಅನ್ನೋವಾಗ ನೀನು ಬಂದೆ. ಹೆಲ್ಮೆಟ್ಟು ಇಳಿಸೋ ಕೆಲಸವೇ ಇರಲಿಲ್ಲ. ನೀನು ಹೇಳಿದ್ದೆಲ್ಲ ಕೇಳಿಸ್ತು. ಮುಖ ಹಲ್ಲು ಕಿರ್ಕೊಂಡು ಎಲ್ಲೆಲ್ಲೋ ಹೋಗ್ತಿತ್ತು. ನಿನಗೆ ಕಾಣಬಾರದು ಅಂತ ಹೆಲ್ಮೆಟ್ಟು ಬೀಳಿಸ್ಕೊಂಡೆ. ನೀನು ಹೋದ ಮೇಲೂ ತೆಗೀಲಿಲ್ಲ. ನಿಮ್ಮಪ್ಪ ಬಂದು, ರಾಡಿಲ್ಲದೆ ಏನೋ ಬೆಸೀತಾ ಕೂತಿದ್ದೀಯಾ ಅಂತ ಬೈದ್ರು."

ಒಪ್ಪಣ್ಣ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಅಳತೆಯಮ್ಮ ಎದ್ದು ಬಂದು ಅವನ ಹೆಲ್ಮೆಟ್ಟಿನ ಗಾಜಿನೊಳಗೆ ಬಗ್ಗಿ ನೋಡಿದಳು.

"ಈಗಲೂ ಹಲ್ಲು ಕಿರೀತಿದ್ದೀರಿ."

"ಇದು ತಿಳಿಗಾಜು. ಮುಚ್ಚಿಕೊಳ್ಳೋಕೆ ಆಗಲ್ಲ."

"ಇಪ್ಪತ್ತೇಳು ವರ್ಷ ಹೇಳೋಕೆ ಏನಾಗಿತ್ತು?"

"ನೀನು ಕೇಳಲಿಲ್ಲ."

"ನೀವು ಕೇಳಿಸಿಕೊಳ್ತಾ ಇರಲಿಲ್ಲ!" ಅಂದಳು ಅಳತೆಯಮ್ಮ. ಅಲ್ಲಿಂದ ಮಾತು ಶುರುವಾದದ್ದು ಸಂಜೆಯವರೆಗೂ ನಿಲ್ಲಲಿಲ್ಲ. ಮೂರು ದಿನದ ಬಾಕಿಯೂ ಇತ್ತಲ್ಲ. ದಂತವೈದ್ಯರು ಎರಡು ಸಲ ಫೋನು ಮಾಡಿದರು. ಅರ್ಧ ಕಂಬಿಯ ಮೆಟ್ಟಿಲನ್ನು ಅವರ ರೋಗಿಗಳು ಆ ದಿನ ಗೋಡೆ ಹಿಡಿದುಕೊಂಡು ಹತ್ತಿದರು.

ಉಳಿದದ್ದು ಮೀನಿನಂಗಡಿ. ಒಪ್ಪಣ್ಣ ಮರುದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಎರಡು ಮೂರು ಸಲ ಅಭ್ಯಾಸ ಮಾಡಿಕೊಂಡು ಮಹಡಿ ಹತ್ತಿದ. ಬಾಮೈದ ತೊಟ್ಟಿಯ ನೀರು ಬದಲಾಯಿಸುತ್ತಿದ್ದ.

"ಅಂಗಡಿ ವಿಷಯ," ಅಂದ ಒಪ್ಪಣ್ಣ. "ಆಗಲ್ಲಪ್ಪ. ನನಗೆ ಇಡೀ ಜಾಗ ಬೇಕು. ಇಷ್ಟುದ್ದದ ಪೈಪು ಬರ್ತಾವೆ. ಅಲ್ಲದೆ ಈ ಕಡೆ ಕಿಡಿ, ಆ ಕಡೆ ಮೀನು... ಅವಕ್ಕೆ ಹೆದರಿಕೆ ಆಗಲ್ವಾ?"

ಹೇಳಿ ಮುಗಿಸಿ ಕಣ್ಣು ಅರ್ಧ ಮುಚ್ಚಿಕೊಂಡ, ಮೊದಲ ದಿನ ಹೊಸ ಹೆಲ್ಮೆಟ್ಟಿನೊಳಗೆ ಮುಚ್ಚಿಕೊಂಡ ಹಾಗೆ. ಬಾಮೈದ ಮಗ್ಗು ಕೆಳಗಿಟ್ಟ.

"ಭಾವ, ನೀವು ಇಲ್ಲ ಅಂದ್ರಾ?"

"ಹೂಂ. ಇಲ್ಲ ಅಂದೆ."

"ಸದ್ಯ!" ಅಂತ ಬಾಮೈದ ಮಂಚದ ಮೇಲೆ ಕುಸಿದು ಕೂತ. "ನನಗೂ ಅದೇ ಬೇಕಿತ್ತು. ಅಂಗಡಿ ಅಕ್ಕನ ಆಸೆ ಭಾವ, ನಾನು ಕಣ್ಣ ಮುಂದೆ ಇರ್ಲಿ ಅಂತ. ಪಕ್ಕದೂರಲ್ಲಿ ನನ್ನ ಸ್ನೇಹಿತನ ಮೀನಿನಂಗಡಿ ಇದೆ, ಮೇಲೊಂದು ರೂಮೂ ಇದೆ, ಬಾ ಬಾ ಅಂತ ಮೂರು ವರ್ಷದಿಂದ ಕರೀತಿದ್ದಾನೆ."

"ಮತ್ತೆ ಹೋಗಬಾರದಿತ್ತಾ?"

"ಹೇಗೆ ಹೋಗ್ಲಿ? ಇನ್ನೂ ಸ್ವಲ್ಪ ದಿನ ಇರ್ಲಾ ಭಾವ ಅಂತ ಸುಮ್ಮನೆ ಬಾಯಿಮಾತಿಗೆ ಕೇಳಿದಾಗಲೆಲ್ಲ ನೀವು ಅಷ್ಟು ಜೋರಾಗಿ ತಲೆ ಆಡಿಸ್ತಿದ್ರಿ. ಒಂದು ದಿನವಂತೂ ಎರಡೆರಡು ಸಲ ಆಡಿಸಿದ್ರಿ. ಪಾಪ, ಭಾವನಿಗೆ ನನ್ನ ಮೇಲೆ ಇಷ್ಟೊಂದು ಪ್ರೀತಿ, ಹೋದ್ರೆ ಮನಸ್ಸಿಗೆ ಹಚ್ಕೋತಾರೆ ಅಂತ ಉಳ್ಕೊಂಡೆ."

ಒಪ್ಪಣ್ಣ ಅವನ ಬೆನ್ನು ತಟ್ಟಿ, ತೊಟ್ಟಿಗಳನ್ನು ಸಾಗಿಸಲು ಒಂದು ಕಬ್ಬಿಣದ ಚೌಕಟ್ಟು ಮಾಡಿಕೊಡುತ್ತೇನೆ ಅಂದ. ತಾನಾಗಿಯೇ, ಯಾರೂ ಕೇಳದೆ. ಬಾಮೈದ ಹೊರಟ ದಿನ ಅಳತೆಯಮ್ಮ ಗಳಗಳ ಅತ್ತಳು. ನೀರು ತುಂಬಿದ ತೊಟ್ಟಿಗಳನ್ನು ಇಳಿಸುತ್ತಾ ಒಪ್ಪಣ್ಣನ ಕಣ್ಣೂ ಒದ್ದೆಯಾಯಿತು. ಅದು ತೊಟ್ಟಿಯ ನೀರು ಚಿಮ್ಮಿದ್ದು ಅಂತ ಅವನು ಹೇಳಿದ.

ಮುಂದಿನ ರಜೆಗೆ ಮಗಳು ಇನ್ನೊಂದು ಪೆಟ್ಟಿಗೆಯ ಜೊತೆ ಬಂದಳು. ಅಂಥದೇ ಹೆಲ್ಮೆಟ್ಟು, ಪಟ್ಟಿ ಚಿಕ್ಕದು ಅಂತ ಯಾರೋ ವಾಪಸು ಕೊಟ್ಟದ್ದು. "ಅಮ್ಮಾ, ನಿನ್ನ ತಲೆಗೆ ಸರಿಯಾಗುತ್ತೆ, ಹಾಕ್ಕೊಂಡು ನೋಡು."

"ನನಗ್ಯಾಕೆ?" ಅಂದಳು ಅಳತೆಯಮ್ಮ. ವೆಲ್ಡಿಂಗ್ ಮಾಡುವವನ ಮಗಳಾಗಿ ಹುಟ್ಟಿ, ವೆಲ್ಡಿಂಗ್ ಮಾಡುವವನನ್ನೇ ಮದುವೆಯಾಗಿ, ಕಿಡಿಯನ್ನು ಅವಳು ಒಂದು ಸಲವೂ ನೇರವಾಗಿ ನೋಡಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪ "ಮುಖ ತಿರುಗಿಸು" ಅಂತ ಕೂಗುತ್ತಿದ್ದ. ಆಮೇಲೆ ಯಾರೂ ಕೂಗದೆಯೇ ತಿರುಗಿಸುತ್ತಿದ್ದಳು.

ಮಗಳು ಬಿಡಲಿಲ್ಲ. ಪಟ್ಟಿ ಬಿಗಿದು, ಕೈಗೆ ಗವಸು ತೊಡಿಸಿ, ಮೇಜಿನ ಹತ್ತಿರ ನಿಲ್ಲಿಸಿದಳು. ಒಪ್ಪಣ್ಣ ಎರಡು ಪಟ್ಟಿ ಕಬ್ಬಿಣ ಜೋಡಿಸಿ ಕಿಡಿ ಹೊತ್ತಿಸಿದ. ಅಳತೆಯಮ್ಮ ಒಂದು ಹೆಜ್ಜೆ ಹಿಂದೆ ಸರಿದಳು, ಆಮೇಲೆ ಎರಡು ಹೆಜ್ಜೆ ಮುಂದೆ ಬಂದಳು. ಕಪ್ಪಾದ ಗಾಜಿನ ನಡುವೆ ಕಡುಹಸಿರು ಬೆಳಕು, ಅದರ ಕೆಳಗೆ ಬಟಾಣಿಯಷ್ಟು ದೊಡ್ಡ ಕೆರೆ. ಕಬ್ಬಿಣ ಕರಗಿ ನೀರಾಗಿ ಅಲ್ಲಾಡುತ್ತಿದೆ. ಅಂಚಿನಲ್ಲಿ ಸಣ್ಣ ಸಣ್ಣ ಅಲೆ. ಒಪ್ಪಣ್ಣನ ಕೈ ಸರಿದ ಹಾಗೆ ಕೆರೆಯೂ ಹಿಂದೆ ಹಿಂದೆ ಬರುತ್ತದೆ, ಬಂದ ದಾರಿಯಲ್ಲಿ ಹೆಪ್ಪುಗಟ್ಟಿ ಹೆಣೆದ ಜಡೆಯ ಹಾಗೆ ಗೆರೆ ಬಿಡುತ್ತದೆ.

ಕಿಡಿ ಆರಿತು. ಗಾಜು ತಿಳಿಯಾಯಿತು. ಅಳತೆಯಮ್ಮ ಮಾತಾಡಲಿಲ್ಲ. ಮಗಳಿಗೆ ಗಾಬರಿಯಾಯಿತು.

"ಅಮ್ಮಾ? ಕಣ್ಣು ಕುಕ್ಕಿತಾ?"

ಅವಳು ಗಂಡನ ಕಡೆ ತಿರುಗಿದಳು. "ಇಷ್ಟು ಚೆನ್ನಾಗಿರೋದನ್ನ ಇಷ್ಟು ವರ್ಷ ಒಬ್ಬರೇ ನೋಡ್ತಾ ಕೂತಿದ್ರಾ?"

"ಹೇಳಬೇಕು ಅಂತಲೇ ಅನ್ನಿಸಲಿಲ್ಲ," ಅಂದ ಒಪ್ಪಣ್ಣ.

"ಸರಿಯಿರಿ ಆ ಕಡೆ. ಹೋಲ್ಡರು ಕೊಡಿ."

ಅವಳ ಮೊದಲ ಬೆಸುಗೆ ಕೈಯಲ್ಲಿ ಎತ್ತಿದ ಕೂಡಲೇ ಎರಡು ತುಂಡಾಯಿತು. ಎರಡನೆಯದು ನೆಲಕ್ಕೆ ಬಿದ್ದ ಮೇಲೆ ತುಂಡಾಯಿತು. ಹನ್ನೊಂದನೆಯದನ್ನು ಒಪ್ಪಣ್ಣ ಸುತ್ತಿಗೆಯಿಂದ ಬಡಿದು ನೋಡಿ, ಇದು ನಿಲ್ಲುತ್ತೆ ಅಂದ. ಅದನ್ನು ಅವಳು ಊಟದ ಮೇಜಿನ ಮೇಲೆ ತಂದಿಟ್ಟಳು. ಮನೆಗೆ ಬಂದವರು ಇದು ಏನು ಅಂತ ಕೇಳುವವರೆಗೂ ಅವಳು ಕಾಫಿ ಕೊಡುತ್ತಿರಲಿಲ್ಲ.